ಶಿಕ್ಷೆಗೆ ಖಚಿತ ಕಟ್ಟಳೆ, ರಕ್ಷಣೆಗೆ ಸಡಿಲ ಮಾತು: ಮಾನವ ಕಳ್ಳಸಾಗಣೆ ಮತ್ತು ಸರ್ಕಾರಗಳ ವಚನ

ಮಾನವ ಕಳ್ಳಸಾಗಣೆಯನ್ನು ತಡೆಯುವುದಾಗಿ ಮಾತು ಕೊಡದ ಸರ್ಕಾರವನ್ನು ಇಂದು ಹುಡುಕಿದರೂ ಸಿಗುವುದು ಕಷ್ಟ. ಈ ಅಪರಾಧದ ವಿರುದ್ಧ ವಿಶ್ವಸಂಸ್ಥೆ ಮಾಡಿದ ಒಪ್ಪಂದವಾದ ಪಲೆರ್ಮೊ ಪ್ರೊಟೊಕಾಲ್‌ಗೆ 180ಕ್ಕೂ ಹೆಚ್ಚು ಸದಸ್ಯರಿದ್ದಾರೆ, ಅವುಗಳಲ್ಲಿ ಬಹುಪಾಲು ದೇಶಗಳು ಈ ಅಪರಾಧಕ್ಕೆಂದೇ ಕಾಯ್ದೆ ಮಾಡಿಕೊಂಡಿವೆ, ಪ್ರತಿವರ್ಷ ಜುಲೈ 30ರಂದು ವಿಶ್ವ ದಿನಾಚರಣೆಯೂ ನಡೆಯುತ್ತದೆ. ಇಷ್ಟೆಲ್ಲ ಬದ್ಧತೆ ಇದ್ದಮೇಲೆ ಕಾನೂನಿನ ಕೊರತೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಈ ಒಡಂಬಡಿಕೆಗಳನ್ನೂ ಕಾಯ್ದೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದಾಗ ನನಗೆ ಕಂಡ ಕೊರತೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪರಾಧಿಯನ್ನು ಏನು ಮಾಡಬೇಕು ಎಂಬ ವಿಷಯದಲ್ಲಿ ಇವೆಲ್ಲವೂ ಖಚಿತವಾಗಿ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಮಾತನಾಡುತ್ತವೆ. ಸಾಗಣೆಗೆ ಒಳಗಾದ ವ್ಯಕ್ತಿ ಹೊರಬಂದ ಮೇಲೆ ಆಕೆಗೆ ಅಥವಾ ಆತನಿಗೆ ಏನು ಸಲ್ಲಬೇಕು ಎಂಬಲ್ಲಿಗೆ ಬಂದಾಗ ಅದೇ ಸರ್ಕಾರಗಳು ‘ಸಾಧ್ಯವಾದಷ್ಟು’, ‘ಸೂಕ್ತ ಸಂದರ್ಭಗಳಲ್ಲಿ’, ‘ಪರಿಶೀಲಿಸಬೇಕು’ ಎಂಬ ಮಾತುಗಳ ಹಿಂದೆ ನಿಲ್ಲುತ್ತವೆ. ಸರ್ಕಾರವೊಂದರ ಬದ್ಧತೆಯನ್ನು ಅಳೆಯಬೇಕಾದದ್ದು ಈ ಎರಡನೆಯ ಭಾಗದಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಿಕ್ಷೆಯ ಕಡೆಗೆ ವಾಲಿದ ಈ ಓರೆಗೆ ಒಂದು ಚರಿತ್ರೆ ಇದೆ. ಮೊದಲ ಅಂತರರಾಷ್ಟ್ರೀಯ ಒಪ್ಪಂದ 1904ರಲ್ಲಿ ಪ್ಯಾರಿಸ್‌ನಲ್ಲಿ ಆಯಿತು. ಅದರ ಹೆಸರಿನಲ್ಲಿಯೇ ‘ಬಿಳಿಯ ಗುಲಾಮರ ವ್ಯಾಪಾರ’ ಎಂದಿತ್ತು. ಯುರೋಪಿನ ಬಿಳಿಯ ಹೆಣ್ಣುಮಕ್ಕಳನ್ನು ವೇಶ್ಯಾವಾಟಿಕೆಗಾಗಿ ಹೊರದೇಶಗಳಿಗೆ ಸಾಗಿಸಲಾಗುತ್ತಿದೆ ಎಂಬ ಆತಂಕ ಆ ಒಪ್ಪಂದವನ್ನು ಹುಟ್ಟಿಸಿತ್ತು. ಆ ಕಾಲದಲ್ಲಿಯೇ ವಸಾಹತುಗಳಿಂದ ಕರಾರು ಕೂಲಿಗಳಾಗಿ ಹಡಗು ಹತ್ತಿದ ಲಕ್ಷಾಂತರ ಜನರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. 1910, 1921, 1933ರ ಒಪ್ಪಂದಗಳು ಒಂದೊಂದೇ ಹೆಜ್ಜೆ ಮುಂದೆ ಹೋದವು. ಬಣ್ಣದ ಉಲ್ಲೇಖ ಬಿದ್ದುಹೋಯಿತು, ಮಕ್ಕಳೂ ಸೇರಿದರು. 1949ರಲ್ಲಿ ವಿಶ್ವಸಂಸ್ಥೆ ಇವೆಲ್ಲವನ್ನೂ ಒಂದುಗೂಡಿಸಿ ಹೊಸ ಒಡಂಬಡಿಕೆಯನ್ನು ಅಂಗೀಕರಿಸಿತಾದರೂ ವೇಶ್ಯಾವಾಟಿಕೆಯ ಹೊರಗಿನ ಶೋಷಣೆ ಆಗಲೂ ಅದರ ಕಣ್ಣಿಗೆ ಬೀಳಲಿಲ್ಲ. ಇಟ್ಟಿಗೆ ಗೂಡು, ತೋಟ, ಮೀನುಗಾರಿಕೆಯ ದೋಣಿ, ಮನೆಗೆಲಸ ಮುಂತಾದ ಕಡೆ ನಡೆಯುವ ಶೋಷಣೆಯನ್ನು 1926ರ ಗುಲಾಮಗಿರಿ ಒಡಂಬಡಿಕೆಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1930ರ ಬಲವಂತದ ದುಡಿಮೆಯ ಒಡಂಬಡಿಕೆಗೂ ಬಿಟ್ಟುಕೊಡಲಾಯಿತು. ಹೀಗೆ ಒಂದೇ ಬಗೆಯ ಕ್ರೌರ್ಯವನ್ನು ಎರಡು ಬೇರೆ ಬೇರೆ ಕಚೇರಿಗಳು ಎರಡು ಬೇರೆ ಬೇರೆ ಕಡತಗಳಲ್ಲಿ ನೋಡುವ ಪದ್ಧತಿ ಬೆಳೆಯಿತು. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

2000ದ ನವೆಂಬರ್ 15ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ, ಅದೇ ಡಿಸೆಂಬರಿನಲ್ಲಿ ಇಟಲಿಯ ಪಲೆರ್ಮೊದಲ್ಲಿ ಸಹಿಗೆ ತೆರೆದ, 2003ರ ಡಿಸೆಂಬರ್ 25ರಂದು ಜಾರಿಗೆ ಬಂದ ಪ್ರೊಟೊಕಾಲ್ ಈ ಎರಡು ಕಡತಗಳನ್ನು ಮೊದಲ ಬಾರಿಗೆ ಒಂದೇ ವ್ಯಾಖ್ಯೆಯೊಳಗೆ ತಂದಿತು. ಅದರ ಮೂರನೆಯ ವಿಧಿಯನ್ನು ಸಾವಧಾನವಾಗಿ ಓದುವುದು ಅಗತ್ಯ, ಏಕೆಂದರೆ ಈ ವಿಷಯದಲ್ಲಿ ಆಗುವ ಗೊಂದಲಗಳಲ್ಲಿ ಹೆಚ್ಚಿನವು ಅಲ್ಲಿಯೇ ಬಗೆಹರಿಯುತ್ತವೆ. ಆ ವಿಧಿಯ ಪ್ರಕಾರ ಕಳ್ಳಸಾಗಣೆ ಎನ್ನಲು ಮೂರು ಅಂಶಗಳು ಕೂಡಬೇಕು. ಮೊದಲನೆಯದು ಕೃತ್ಯ: ಒಬ್ಬರನ್ನು ಕೆಲಸಕ್ಕೆ ಗೊತ್ತುಮಾಡುವುದು, ಸಾಗಿಸುವುದು, ಇನ್ನೊಬ್ಬರಿಗೆ ವಹಿಸುವುದು, ಅಡಗಿಸಿಡುವುದು ಅಥವಾ ಬರಮಾಡಿಕೊಳ್ಳುವುದು. ಎರಡನೆಯದು ವಿಧಾನ: ಬೆದರಿಕೆ, ಬಲಪ್ರಯೋಗ, ಅಪಹರಣ, ವಂಚನೆ, ಅಧಿಕಾರದ ದುರುಪಯೋಗ, ಒಬ್ಬರ ಅಸಹಾಯಕ ಸ್ಥಿತಿಯ ದುರುಪಯೋಗ, ಅಥವಾ ಅವರ ಮೇಲೆ ಹಿಡಿತ ಇರುವವರಿಗೆ ಹಣ ಕೊಟ್ಟು ಒಪ್ಪಿಗೆ ಪಡೆಯುವುದು. ಮೂರನೆಯದು ಉದ್ದೇಶ: ಶೋಷಣೆ, ಅಂದರೆ ಲೈಂಗಿಕ ಶೋಷಣೆ, ಬಲವಂತದ ದುಡಿಮೆ, ಗುಲಾಮಗಿರಿ ಅಥವಾ ಅದನ್ನು ಹೋಲುವ ಪದ್ಧತಿಗಳು, ಜೀತ, ಅಂಗಾಂಗಗಳನ್ನು ತೆಗೆಯುವುದು.

ಇದರಲ್ಲಿ ಗಮನಿಸಬೇಕಾದ ಸಂಗತಿಗಳು ಹಲವಿವೆ. ಗಡಿ ದಾಟುವುದು ಅನಿವಾರ್ಯ ಅಂಶವಲ್ಲ. ಒಂದೇ ಊರಿನೊಳಗೂ ಕಳ್ಳಸಾಗಣೆ ನಡೆಯಬಹುದು. ಹಣ ಪಡೆದು ಜನರನ್ನು ಅಕ್ರಮವಾಗಿ ಗಡಿ ದಾಟಿಸುವುದು ಬೇರೆಯೇ ಅಪರಾಧ. ಅದಕ್ಕೆ ಪ್ರತ್ಯೇಕ ಪ್ರೊಟೊಕಾಲ್ ಇದೆ. ಮೇಲೆ ಹೇಳಿದ ವಿಧಾನಗಳಲ್ಲಿ ಯಾವುದಾದರೂ ಒಂದನ್ನು ಬಳಸಿದ್ದರೆ ಸಂತ್ರಸ್ತರು ಒಪ್ಪಿಗೆ ಕೊಟ್ಟಿದ್ದರೆಂಬ ವಾದಕ್ಕೆ ಬೆಲೆಯಿಲ್ಲ. 18 ವರ್ಷದೊಳಗಿನವರ ವಿಷಯದಲ್ಲಿ ವಿಧಾನವನ್ನು ಸಾಬೀತುಮಾಡುವ ಹೊರೆಯೇ ಇಲ್ಲ. ಶೋಷಣೆಯ ಉದ್ದೇಶದಿಂದ ಮಗುವನ್ನು ಕರೆದೊಯ್ದರೆ ಅಲ್ಲಿಗೆ ಅಪರಾಧ ಪೂರ್ಣವಾಗುತ್ತದೆ. ‘ಅಸಹಾಯಕ ಸ್ಥಿತಿಯ ದುರುಪಯೋಗ’ ಎಂಬುದನ್ನು ವ್ಯಾಖ್ಯೆಯೊಳಗೆ ಸೇರಿಸಿದ್ದು ನನ್ನ ದೃಷ್ಟಿಯಲ್ಲಿ ಈ ಪ್ರೊಟೊಕಾಲ್‌ನ ಅತಿ ದೊಡ್ಡ ಕೊಡುಗೆ. ಕೋಣೆಗೆ ಬೀಗ ಹಾಕದೆ, ಕೈಗೆ ಸರಪಳಿ ತೊಡಿಸದೆ, ಕೇವಲ ಸಾಲ, ಕಾಗದಪತ್ರಗಳಿಲ್ಲದ ಭಯ ಮತ್ತು ಮುಂದೆ ದಾರಿಯಿಲ್ಲವೆಂಬ ಅರಿವಿನಿಂದಲೇ ಮನುಷ್ಯರನ್ನು ಹಿಡಿದಿಡಬಹುದು ಎಂಬ ಸತ್ಯವನ್ನು ಅಂತರರಾಷ್ಟ್ರೀಯ ಕಾನೂನು ಅಲ್ಲಿ ಒಪ್ಪಿಕೊಂಡಿತು.

ಮುಂದಿನ ವಿಧಿಗಳಲ್ಲಿ ಓರೆ ಕಾಣಿಸುತ್ತದೆ. ಪ್ರತಿ ಸದಸ್ಯ ರಾಷ್ಟ್ರವೂ ಕಳ್ಳಸಾಗಣೆಯನ್ನು ತನ್ನ ಕಾನೂನಿನಲ್ಲಿ ಅಪರಾಧವೆಂದು ಸಾರಲೇಬೇಕು ಎನ್ನುತ್ತದೆ ಐದನೆಯ ವಿಧಿ. ಇದು ಬೇಷರತ್ತಾದ ಕರ್ತವ್ಯ. ಆರನೆಯ ವಿಧಿ ಸಂತ್ರಸ್ತರ ನೆರವಿನದು. ವಸತಿ, ಆಪ್ತಸಮಾಲೋಚನೆ, ವೈದ್ಯಕೀಯ ನೆರವು, ಉದ್ಯೋಗ ಮತ್ತು ತರಬೇತಿಯ ಅವಕಾಶ ಎಲ್ಲವೂ ಅಲ್ಲಿ ಪಟ್ಟಿಯಾಗಿವೆ, ಆದರೆ ಅವುಗಳನ್ನು ಒದಗಿಸುವ ಬಗ್ಗೆ ರಾಷ್ಟ್ರಗಳು ಪರಿಶೀಲಿಸಬೇಕು ಎಂದಷ್ಟೇ ಇದೆ. ದೈಹಿಕ ಸುರಕ್ಷತೆಗಾಗಿ ಪ್ರಯತ್ನಿಸಬೇಕು ಎಂದಿದೆ. ಏಳನೆಯ ವಿಧಿಯಲ್ಲಿ, ಸಂತ್ರಸ್ತರು ತಾತ್ಕಾಲಿಕವಾಗಿ ಅಥವಾ ಕಾಯಂ ಆಗಿ ದೇಶದಲ್ಲಿ ಉಳಿಯಲು ಅವಕಾಶ ಕೊಡುವ ಬಗ್ಗೆಯೂ ಅಷ್ಟೇ, ಪರಿಶೀಲಿಸಬೇಕು. ಎಂಟನೆಯ ವಿಧಿಯಂತೆ ತಾಯ್ನಾಡಿಗೆ ಮರಳಿಸುವುದು ‘ಆದಷ್ಟೂ’ ಅವರ ಇಚ್ಛೆಯಂತೆ ಇರಬೇಕು. ಈ ಭಾಗದಲ್ಲಿ ಗಟ್ಟಿಯಾದ ಕರ್ತವ್ಯವೆಂದು ಎದ್ದು ಕಾಣುವುದು ಪರಿಹಾರ ಕೇಳಲು ಕಾನೂನಿನಲ್ಲಿ ಅವಕಾಶ ಇರಬೇಕೆಂಬ ಆರನೆಯ ವಿಧಿಯ ಕೊನೆಯ ಉಪವಿಧಿ. ಅದೂ ಅವಕಾಶ ಕೊಡುವುದಷ್ಟೇ ಹೊರತು ಪರಿಹಾರ ಕೊಡುವುದಲ್ಲ.

ಇದು ಕರಡು ಬರೆದವರ ಅಜಾಗರೂಕತೆಯಿಂದ ಆದದ್ದಲ್ಲ. ಪಲೆರ್ಮೊ ಪ್ರೊಟೊಕಾಲ್ ಸಂಘಟಿತ ಅಪರಾಧದ ವಿರುದ್ಧದ ಒಡಂಬಡಿಕೆಗೆ ಜೋಡಿಸಿದ ಅನುಬಂಧ. ಅದರ ಮಾತುಕತೆ ನಡೆದದ್ದು ವಿಯೆನ್ನಾದಲ್ಲಿ, ಅಪರಾಧ ನಿಯಂತ್ರಣದ ಸಂಧಾನಕಾರರ ನಡುವೆ. ಮಾನವ ಹಕ್ಕುಗಳ ಸಮಿತಿಗಳಲ್ಲಿ ಅದು ರೂಪುಗೊಂಡಿದ್ದರೆ ಬೇರೆ ರೀತಿ ಇರುತ್ತಿತ್ತು. ಶ್ರೀಮಂತ ರಾಷ್ಟ್ರಗಳಿಗೆ ತಮ್ಮ ಗಡಿಯ ಮೇಲಿನ ಹಿಡಿತವನ್ನು ಬಿಡಲು ಇಷ್ಟವಿರಲಿಲ್ಲ. ಬಡ ರಾಷ್ಟ್ರಗಳಿಗೆ ಪುನರ್ವಸತಿಯ ಖರ್ಚಿನ ಭಯವಿತ್ತು. ಇಬ್ಬರೂ ಒಪ್ಪಬಹುದಾದದ್ದು ಶಿಕ್ಷೆಯ ವಿಷಯದಲ್ಲಿ ಮಾತ್ರ, ಏಕೆಂದರೆ ಅಪರಾಧಿಯನ್ನು ಜೈಲಿಗೆ ಕಳಿಸುವ ವಚನ ಯಾವ ಸರ್ಕಾರಕ್ಕೂ ರಾಜಕೀಯವಾಗಿ ದುಬಾರಿಯಲ್ಲ.

ಈ ಅಂತರ ನೆಲದ ಮೇಲೆ ಹೇಗೆ ಕಾಣಿಸುತ್ತದೆ ಎಂಬುದಕ್ಕೆ ಗ್ರೀಸಿನ ಮನೋಲಾದದ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಲ್ಲಿನ ಸ್ಟ್ರಾಬೆರಿ ತೋಟವೊಂದಕ್ಕೆ 2012ರ ಕೊನೆಯಿಂದ 2013ರ ಆರಂಭದವರೆಗೆ ಬಾಂಗ್ಲಾದೇಶದ ಕೂಲಿಗಳನ್ನು ಕರೆತರಲಾಗಿತ್ತು. ಅವರ ಬಳಿ ಗ್ರೀಸಿನಲ್ಲಿ ದುಡಿಯುವ ಪರವಾನಗಿ ಇರಲಿಲ್ಲ. ಏಳು ಗಂಟೆಯ ದುಡಿಮೆಗೆ ದಿನಕ್ಕೆ 22 ಯೂರೊ, ಹೆಚ್ಚುವರಿ ಗಂಟೆಗೆ ತಲಾ 3 ಯೂರೊ, ಊಟದ ಬಾಬ್ತು 3 ಯೂರೊ ಕಡಿತ ಎಂಬುದು ಮಾತು. ನಿಜದಲ್ಲಿ ಅವರು ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ, ಬಂದೂಕು ಹಿಡಿದ ಕಾವಲುಗಾರರ ಕಣ್ಗಾವಲಿನಲ್ಲಿ ಹಣ್ಣು ಕಿತ್ತರು. ವಾಸಕ್ಕೆ ರಟ್ಟು, ಪ್ಲಾಸ್ಟಿಕ್ ಹಾಳೆ ಮತ್ತು ಬಿದಿರಿನ ಗುಡಿಸಲುಗಳಿದ್ದವು. ಶೌಚಾಲಯವಾಗಲಿ ನಲ್ಲಿ ನೀರಾಗಲಿ ಇರಲಿಲ್ಲ. ಕೂಲಿ ಮಾತ್ರ ಬರಲಿಲ್ಲ. ಕೆಲಸ ಮುಂದುವರಿಸಿದರಷ್ಟೇ ಬಾಕಿ ಸಿಗುತ್ತದೆ ಎಂಬ ಎಚ್ಚರಿಕೆ ಇತ್ತು. ಬಿಟ್ಟುಹೋದರೆ ತಿಂಗಳುಗಟ್ಟಲೆ ಬೆವರು ಸುರಿಸಿದ್ದು ವ್ಯರ್ಥವಾಗುತ್ತದೆ ಎಂದು ಅವರು ಅಲ್ಲೇ ಉಳಿದರು. 2013ರ ಏಪ್ರಿಲ್ 17ರಂದು ನೂರಕ್ಕೂ ಹೆಚ್ಚು ಜನ ಮಾಲೀಕರ ಬಳಿ ಬಾಕಿ ಕೂಲಿ ಕೇಳಲು ಹೋದಾಗ ಕಾವಲುಗಾರನೊಬ್ಬ ಗುಂಡು ಹಾರಿಸಿದ. ಮೂವತ್ತು ಜನ ಗಾಯಗೊಂಡರು.

ಗ್ರೀಸಿನಲ್ಲಿ ಕಳ್ಳಸಾಗಣೆಯ ವಿರುದ್ಧ ಕಾನೂನು ಇಲ್ಲದಿರಲಿಲ್ಲ. ಆದರೂ ಪತ್ರಾಸ್ ನಗರದ ನ್ಯಾಯಾಲಯ 2014ರ ಜುಲೈನಲ್ಲಿ ಎಲ್ಲ ಆರೋಪಿಗಳನ್ನೂ ಕಳ್ಳಸಾಗಣೆಯ ಆರೋಪದಿಂದ ಖುಲಾಸೆಗೊಳಿಸಿತು. ಕೂಲಿಗಳು ತಾವಾಗಿಯೇ ಕೆಲಸಕ್ಕೆ ಒಪ್ಪಿದ್ದರು, ಓಡಾಡಲು ಸ್ವತಂತ್ರರಿದ್ದರು, ಬೇಕಿದ್ದರೆ ಬಿಟ್ಟುಹೋಗಬಹುದಿತ್ತು ಎಂಬುದು ಅದರ ತರ್ಕವಾಗಿತ್ತು. ಗಾಯಗೊಳಿಸಿದ್ದಕ್ಕಾಗಿ ಇಬ್ಬರಿಗೆ ಆದ ಜೈಲು ಶಿಕ್ಷೆಯನ್ನು ದಂಡವಾಗಿ ಬದಲಿಸಲಾಯಿತು. ಸಂತ್ರಸ್ತರೆಂದು ಗುರುತಿಸಲಾದ 35 ಕೂಲಿಗಳಿಗೆ ಎಲ್ಲ ಸೇರಿ 1,500 ಯೂರೊ ಕೊಡುವಂತೆ ಆದೇಶವಾಯಿತು. ತಲಾ ಸುಮಾರು 43 ಯೂರೊ, ಅಂದರೆ ಅವರಿಗೆ ಹೇಳಿದ್ದ ಎರಡು ದಿನದ ಕೂಲಿಗೂ ಕಡಿಮೆ. ಉಳಿದ ಕೆಲವು ಕೂಲಿಗಳು ಮೇ 8ರಂದು ದೂರು ಕೊಟ್ಟಾಗ, ಅವರು ನಿಜವಾಗಿ ಸಂತ್ರಸ್ತರಾಗಿದ್ದರೆ ಇಷ್ಟು ದಿನ ಸುಮ್ಮನಿರುತ್ತಿರಲಿಲ್ಲ ಎಂದು ಪ್ರಾಸಿಕ್ಯೂಟರ್ ದೂರನ್ನು ತಳ್ಳಿಹಾಕಿದರು. ಗುಂಡೇಟು ನಡೆದು ಆಗ ಆಗಿದ್ದುದು ಬರೀ ಮೂರು ವಾರ.

42 ಕೂಲಿಗಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2017ರ ಮಾರ್ಚ್ 30ರಂದು ಬಂದ ತೀರ್ಪು ಗ್ರೀಸ್ ಸರ್ಕಾರವನ್ನು ಹೊಣೆ ಮಾಡಿತು. ಮಾಲೀಕನು ಕೂಲಿಗಳ ಅಸಹಾಯಕತೆಯನ್ನು ಬಳಸಿಕೊಂಡಿದ್ದರೆ ಅವರು ಸ್ವಇಚ್ಛೆಯಿಂದ ದುಡಿದರು ಎನ್ನಲಾಗದು, ಓಡಾಡುವ ಸ್ವಾತಂತ್ರ್ಯ ಇತ್ತೆಂಬ ಒಂದೇ ಕಾರಣಕ್ಕೆ ಬಲವಂತದ ದುಡಿಮೆ ಇರಲಿಲ್ಲ ಎನ್ನಲೂ ಆಗದು ಎಂದು ನ್ಯಾಯಾಲಯ ಹೇಳಿತು. ತಲಾ 12,000 ಅಥವಾ 16,000 ಯೂರೊ ಪರಿಹಾರ ಕೊಡಲು ಆದೇಶಿಸಿತು. ತಡವಾಗಿ ಬಂದ ದೂರಿನ ವಿಷಯದಲ್ಲಿ ನ್ಯಾಯಾಲಯ ಆಧಾರವಾಗಿ ತೋರಿಸಿದ ಕಲಂ ಈ ಬರಹಕ್ಕೆ ಮುಖ್ಯವಾದದ್ದು. ಅದು ಪಲೆರ್ಮೊದಲ್ಲಿ ಇಲ್ಲ. ಯುರೋಪ್ ಕೌನ್ಸಿಲ್ (ಯುರೋಪ್ ಒಕ್ಕೂಟಕ್ಕಿಂತ ಬೇರೆಯಾದ, ಮಾನವ ಹಕ್ಕುಗಳಿಗಾಗಿ ಇರುವ ಸಂಘಟನೆ) ಕಳ್ಳಸಾಗಣೆಯ ವಿರುದ್ಧ 2005ರಲ್ಲಿ ಮಾಡಿಕೊಂಡ ಒಡಂಬಡಿಕೆಯಲ್ಲಿದೆ.

ಆ ಒಡಂಬಡಿಕೆಯ 13ನೆಯ ವಿಧಿ, ಒಬ್ಬ ವ್ಯಕ್ತಿ ಕಳ್ಳಸಾಗಣೆಯ ಸಂತ್ರಸ್ತ ಎಂದು ನಂಬಲು ಕಾರಣವಿದ್ದರೆ ಚೇತರಿಸಿಕೊಳ್ಳಲು ಮತ್ತು ಯೋಚಿಸಲು ಕನಿಷ್ಠ 30 ದಿನಗಳ ಅವಧಿ ಕೊಡಬೇಕು, ಆ ಅವಧಿಯಲ್ಲಿ ಗಡೀಪಾರು ಮಾಡಬಾರದು ಎನ್ನುತ್ತದೆ. 12ನೆಯ ವಿಧಿ, ಸಂತ್ರಸ್ತರಿಗೆ ಕೊಡುವ ನೆರವು ಅವರು ಸಾಕ್ಷಿ ಹೇಳಲು ಒಪ್ಪುವುದರ ಮೇಲೆ ನಿಲ್ಲಬಾರದು ಎನ್ನುತ್ತದೆ. ಭಯದಲ್ಲಿ ಬದುಕಿದ ಮನುಷ್ಯನಿಗೆ ಮೊದಲ ದಿನವೇ ಪೊಲೀಸರ ಮುಂದೆ ಕ್ರಮಬದ್ಧವಾದ ಹೇಳಿಕೆ ಕೊಡಲು ಆಗುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಯಾರಿಗೂ ಹೊಸ ವಿಷಯವಲ್ಲ. ದಿನಾಂಕಗಳು ಹಿಂದುಮುಂದಾಗುತ್ತವೆ, ಊರಿನಲ್ಲಿರುವ ಮಕ್ಕಳಿಗೆ ಏಜೆಂಟನಿಂದ ಏನಾದೀತೋ ಎಂಬ ಅಂಜಿಕೆಯಿಂದ ಕೆಲವು ಹೆಸರುಗಳು ಬಾಯಿಗೆ ಬರುವುದೇ ಇಲ್ಲ. ಮೂವತ್ತು ದಿನಗಳೂ ಸಾಲದೆ ಹೋಗಬಹುದು, ಆದರೆ ಅಂಥ ಅವಧಿಯೊಂದನ್ನು ಹಕ್ಕಾಗಿ ಬರೆದಿಟ್ಟರೆ ಸುಮ್ಮನಿದ್ದುದೇ ಸುಳ್ಳಿಗೆ ಸಾಕ್ಷಿ ಎನ್ನುವ ಪ್ರಾಸಿಕ್ಯೂಟರ್‌ನ ವಾದಕ್ಕೆ ಜಾಗ ಉಳಿಯುವುದಿಲ್ಲ.

ಸಾಕ್ಷಿ ಹೇಳಿದರೆ ಆಶ್ರಯ, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕಾಚಾರ ಹಲವು ದೇಶಗಳ ಕಾನೂನಿನಲ್ಲಿ ಬೇರೆ ಬೇರೆ ರೂಪದಲ್ಲಿ ಉಳಿದುಕೊಂಡಿದೆ. ಯುರೋಪ್ ಒಕ್ಕೂಟದ 2004ರ ನಿರ್ದೇಶನವೊಂದು ಹೊರದೇಶದ ಸಂತ್ರಸ್ತರ ವಾಸದ ಪರವಾನಗಿಯನ್ನು ತನಿಖೆಗೆ ಅವರು ಕೊಡುವ ಸಹಕಾರಕ್ಕೆ ಜೋಡಿಸಿತು. ಅಮೆರಿಕವು 2000ದ ಅಕ್ಟೋಬರಿನಲ್ಲಿ, ಪಲೆರ್ಮೊಗಿಂತ ಕೆಲವೇ ವಾರ ಮೊದಲು ತಂದ ಕಳ್ಳಸಾಗಣೆ ಸಂತ್ರಸ್ತರ ರಕ್ಷಣಾ ಕಾಯ್ದೆ ಹಲವು ರೀತಿಯಲ್ಲಿ ಮುಂದುವರಿದದ್ದು. ತಡೆ, ರಕ್ಷಣೆ, ವಿಚಾರಣೆ ಎಂಬ ಮೂರು ನೆಲೆಗಳನ್ನು ಅದು ಸ್ಪಷ್ಟವಾಗಿ ಹಾಕಿಕೊಟ್ಟಿತು, ಸಂತ್ರಸ್ತರಿಗೆಂದೇ ‘ಟಿ ವೀಸಾ’ ಎಂಬ ಹೊಸ ವೀಸಾವನ್ನೂ ತಂದಿತು. ಆದರೆ ಅದಕ್ಕೂ ವರ್ಷಕ್ಕೆ 5,000 ಎಂಬ ಮಿತಿ ಇದೆ. ಮಕ್ಕಳನ್ನೂ ತೀವ್ರ ಮಾನಸಿಕ ಆಘಾತಕ್ಕೆ ಒಳಗಾದವರನ್ನೂ ಹೊರತುಪಡಿಸಿ ಉಳಿದವರು ತನಿಖೆಗೆ ಸಹಕರಿಸಬೇಕೆಂಬ ಷರತ್ತಿದೆ. ಮೊದಲ ಎರಡು ದಶಕಗಳಲ್ಲಿ ಒಂದು ವರ್ಷವೂ ಆ ಮಿತಿ ತುಂಬಲಿಲ್ಲ. ಸಂತ್ರಸ್ತರು ಕಡಿಮೆ ಇದ್ದಾರೆಂಬ ಕಾರಣಕ್ಕೆ ಹೀಗಾಯಿತು ಎಂದು ನಾನು ನಂಬಲಾರೆ. ಷರತ್ತುಗಳು, ಅರ್ಜಿಯ ಜಟಿಲತೆ ಮತ್ತು ಅರ್ಜಿ ತಿರಸ್ಕೃತವಾದರೆ ತಮ್ಮನ್ನೇ ಹೊರಗಟ್ಟಬಹುದೆಂಬ ಭಯ ಸೇರಿ ಜನರನ್ನು ದೂರವಿಟ್ಟಿವೆ.

ಇದಕ್ಕಿಂತ ಕಠಿಣವಾದದ್ದು, ಬಲವಂತದಿಂದ ಅಪರಾಧ ಮಾಡಿದ ಸಂತ್ರಸ್ತರ ಪ್ರಶ್ನೆ. ಪಲೆರ್ಮೊ ಪ್ರೊಟೊಕಾಲ್ ಇದರ ಬಗ್ಗೆ ಮೌನವಾಗಿದೆ. ಯುರೋಪ್ ಕೌನ್ಸಿಲ್‌ನ ಒಡಂಬಡಿಕೆಯ 26ನೆಯ ವಿಧಿ, ಬಲವಂತಕ್ಕೆ ಸಿಕ್ಕಿ ಅಪರಾಧದಲ್ಲಿ ಭಾಗಿಯಾದವರನ್ನು ಶಿಕ್ಷಿಸದೆ ಬಿಡಲು ಕಾನೂನಿನಲ್ಲಿ ಅವಕಾಶ ಇರಬೇಕು ಎನ್ನುತ್ತದೆ. ಬ್ರಿಟನ್ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯ 45ನೆಯ ಸೆಕ್ಷನ್‌ನಲ್ಲಿ ಇಂಥ ಒಂದು ರಕ್ಷಣೆಯನ್ನು ತಂದಿತಾದರೂ ಅನೇಕ ಗಂಭೀರ ಅಪರಾಧಗಳನ್ನು ಅದರಿಂದ ಹೊರಗಿಟ್ಟಿತು. ಆ ಕಾಯ್ದೆ ಬರುವ ಮೊದಲು, 2009ರಲ್ಲಿ, ಅಲ್ಲಿನ ಗಾಂಜಾ ಬೆಳೆಯುವ ಮನೆಗಳಲ್ಲಿ ಸಿಕ್ಕ ಇಬ್ಬರು ವಿಯೆಟ್ನಾಂ ಹುಡುಗರಿಗೆ ಶಿಕ್ಷೆಯಾಗಿತ್ತು; ಅವರು ಕಳ್ಳಸಾಗಣೆಗೆ ಒಳಗಾದವರಿರಬಹುದೆಂಬ ಸೂಚನೆಗಳಿದ್ದರೂ ವಿಚಾರಣೆ ನಡೆದುಹೋಯಿತು. ಅವರ ಹಕ್ಕುಗಳ ಉಲ್ಲಂಘನೆಯಾಗಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟದ್ದು 2021ರಲ್ಲಿ. ಅಷ್ಟರಲ್ಲಿ ಅವರ ಶಿಕ್ಷೆಯ ಅವಧಿ ಮುಗಿದು ಎಷ್ಟೋ ವರ್ಷಗಳಾಗಿದ್ದವು.

ಈಗ ಈ ಪ್ರಶ್ನೆ ಆಗ್ನೇಯ ಏಷ್ಯಾದಲ್ಲಿ ಬೃಹತ್ತಾಗಿ ಬೆಳೆದಿದೆ. ಕಂಪ್ಯೂಟರ್ ಕೆಲಸ, ಒಳ್ಳೆಯ ಸಂಬಳ ಎಂಬ ಜಾಹೀರಾತು ನಂಬಿ ಹೊರಟ ಓದಿದ ಯುವಕ ಯುವತಿಯರನ್ನು ಮ್ಯಾನ್ಮಾರ್, ಕಾಂಬೋಡಿಯಾಗಳ ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ದೂರದೇಶದ ಅಪರಿಚಿತರಿಗೆ ಆನ್‌ಲೈನಿನಲ್ಲಿ ಮೋಸ ಮಾಡುವ ಕೆಲಸಕ್ಕೆ ಹಚ್ಚಲಾಗುತ್ತಿದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟಿನಲ್ಲಿ ಪ್ರಕಟಿಸಿದ ವರದಿಯಲ್ಲಿ, ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಇಂಥ ಸ್ಥಿತಿಯಲ್ಲಿ ಇರಬಹುದು ಎಂಬ ನಂಬಲರ್ಹ ಅಂದಾಜುಗಳನ್ನು ಉಲ್ಲೇಖಿಸಿತ್ತು. ಇವರು ದಾಳಿಯೊಂದರಲ್ಲಿ ಹೊರಬಂದಾಗ ಪೊಲೀಸರ ಕೈಗೆ ಸಿಗುವುದು ವಂಚನೆಯ ದಾಖಲೆಗಳಿರುವ ಕಂಪ್ಯೂಟರ್, ಅವಧಿ ಮುಗಿದ ವೀಸಾ ಮತ್ತು ಬೆದರಿದ ಒಬ್ಬ ಮನುಷ್ಯ. ಶಿಕ್ಷಿಸದಿರುವ ತತ್ವ ಆ ದೇಶದ ಕಾನೂನಿನಲ್ಲಿ ಬರಹದಲ್ಲಿ ಇಲ್ಲದಿದ್ದರೆ ಆತ ಸಂತ್ರಸ್ತನೋ ಆರೋಪಿಯೋ ಎಂಬುದು ಅಂದು ಠಾಣೆಯಲ್ಲಿರುವ ಅಧಿಕಾರಿಯ ಮನಸ್ಸಿಗೆ ಬಿಟ್ಟ ವಿಷಯವಾಗುತ್ತದೆ. ಇಂಥ ಸಂಗತಿಯನ್ನು ಯಾರೊಬ್ಬರ ಒಳ್ಳೆಯತನಕ್ಕೂ ಬಿಡಬಾರದು.

ಭಾರತದ ಕಾನೂನಿನಲ್ಲೂ ಇದೇ ಚರಿತ್ರೆಯ ಪದರಗಳನ್ನು ಕಾಣಬಹುದು. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಹುಟ್ಟಿದ್ದೇ ಮೇಲೆ ಹೇಳಿದ 1949ರ ಒಡಂಬಡಿಕೆಗೆ 1950ರಲ್ಲಿ ನ್ಯೂಯಾರ್ಕ್‌ನಲ್ಲಿ ಹಾಕಿದ ಸಹಿಯಿಂದ. ಆದ್ದರಿಂದ ಅದರ ದೃಷ್ಟಿಯೂ ವೇಶ್ಯಾವಾಟಿಕೆಗೆ ಸೀಮಿತ. ಆ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ರಕ್ಷಿಸಲ್ಪಟ್ಟ ಮಹಿಳೆಯನ್ನು ಮ್ಯಾಜಿಸ್ಟ್ರೇಟರು ಒಂದರಿಂದ ಮೂರು ವರ್ಷದವರೆಗೆ ರಕ್ಷಣಾ ಗೃಹದಲ್ಲಿ ಇರಿಸಬಹುದು. ವಯಸ್ಕ ಮಹಿಳೆಯನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಹೀಗೆ ಇರಿಸಿಕೊಂಡರೆ ಅದು ರಕ್ಷಣೆಯೇ ಎಂಬ ಪ್ರಶ್ನೆ ದಶಕಗಳಿಂದ ಇತ್ತು. ಇಚ್ಛೆಗೆ ವಿರುದ್ಧವಾಗಿ ಇರಿಸಿರುವ ವಯಸ್ಕರನ್ನು ಗುರುತಿಸಿ ಬಿಡುಗಡೆಗೆ ಕ್ರಮ ಕೈಗೊಳ್ಳುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದ್ದು 2022ರ ಮೇ ತಿಂಗಳಲ್ಲಿ. ದುಡಿಮೆಯ ಕಡತ ಇಲ್ಲಿಯೂ ಬೇರೆಯಾಗಿಯೇ ಬೆಳೆಯಿತು. ಸಂವಿಧಾನದ 23ನೆಯ ವಿಧಿ ಮಾನವ ವ್ಯಾಪಾರವನ್ನೂ ಬಲವಂತದ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದೆ. 1976ರ ಕಾಯ್ದೆ ಜೀತಪದ್ಧತಿಯನ್ನು ರದ್ದುಮಾಡಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ಹೇಳಿತು. ಹಸಿವು ಮತ್ತು ಬಡತನದ ಒತ್ತಡವೂ ಬಲವಂತವೇ ಎಂಬ ಆ ತೀರ್ಪಿನ ನಿಲುವು ಮನೋಲಾದ ತೀರ್ಪಿಗಿಂತ 35 ವರ್ಷ ಹಿಂದಿನದು ಎಂಬುದನ್ನು ಅಭಿಮಾನದಿಂದಲೇ ನೆನೆಯಬೇಕು.

ಭಾರತ ಪಲೆರ್ಮೊ ಪ್ರೊಟೊಕಾಲ್‌ಗೆ 2002ರಲ್ಲಿ ಸಹಿ ಹಾಕಿ 2011ರ ಮೇ ತಿಂಗಳಲ್ಲಿ ಅನುಮೋದಿಸಿತು. 2013ರ ತಿದ್ದುಪಡಿಯಲ್ಲಿ ಭಾರತೀಯ ದಂಡ ಸಂಹಿತೆಯ 370ನೆಯ ಸೆಕ್ಷನ್ ಪ್ರೊಟೊಕಾಲ್‌ನ ಮಾದರಿಯಲ್ಲಿ ಹೊಸದಾಗಿ ಬಂತು. ಆದರೆ ಶೋಷಣೆಯ ವಿವರಣೆಯಲ್ಲಿ ಬಲವಂತದ ದುಡಿಮೆಯನ್ನು ಹೆಸರಿಸಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಸೆಕ್ಷನ್ ಭಿಕ್ಷಾಟನೆಯನ್ನು ಸೇರಿಸಿತು, ಆ ಬಿಟ್ಟುಹೋದ ಮಾತನ್ನು ಮಾತ್ರ ತುಂಬಲಿಲ್ಲ. ಶಿಕ್ಷೆಯ ಏಣಿ ಎತ್ತರವಾಗಿದೆ: ಏಳು ವರ್ಷದಿಂದ ಆರಂಭವಾಗಿ, ಮಕ್ಕಳ ವಿಷಯದಲ್ಲಿ ಹತ್ತು ಮತ್ತು ಹದಿನಾಲ್ಕು ವರ್ಷ ದಾಟಿ, ಪೊಲೀಸರು ಅಥವಾ ಸರ್ಕಾರಿ ನೌಕರರೇ ಭಾಗಿಯಾಗಿದ್ದರೆ ಉಳಿದ ಆಯಸ್ಸಿನವರೆಗಿನ ಜೈಲು. ಸಂತ್ರಸ್ತರ ಪುನರ್ವಸತಿಗೆ ಪ್ರತ್ಯೇಕ ನಿಧಿ ಮತ್ತು ವ್ಯವಸ್ಥೆ ತರಬೇಕಿದ್ದ 2018ರ ಮಸೂದೆ ಆ ವರ್ಷದ ಜುಲೈನಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿಯೂ ರಾಜ್ಯಸಭೆಯಲ್ಲಿ ಚರ್ಚೆಗೆ ಬಾರದೆ 2019ರಲ್ಲಿ ಲೋಕಸಭೆಯೊಂದಿಗೆ ರದ್ದಾಯಿತು. ಆ ಮಸೂದೆಯಲ್ಲೂ ದಾಳಿ ಮತ್ತು ಆಶ್ರಯಗೃಹಗಳ ಮೇಲೆ ಅತಿಯಾದ ಭರವಸೆ ಇತ್ತೆಂಬ ಟೀಕೆ ನ್ಯಾಯವಾದದ್ದೇ. 2021ರಲ್ಲಿ ಇನ್ನೊಂದು ಕರಡು ಹೊರಬಂತು, ಅದು ಕಾಯ್ದೆಯಾಗಲಿಲ್ಲ.

ವಚನಗಳನ್ನು ಯಾರು ಪರಿಶೀಲಿಸುತ್ತಾರೆ ಎಂಬುದೂ ಮುಖ್ಯ. ಯುರೋಪ್ ಕೌನ್ಸಿಲ್‌ಗೆ ‘ಗ್ರೇಟಾ’ ಎಂಬ ಸ್ವತಂತ್ರ ತಜ್ಞರ ತಂಡವಿದೆ. ಅದು ದೇಶದಿಂದ ದೇಶಕ್ಕೆ ಹೋಗಿ, ಆಶ್ರಯಗೃಹಗಳನ್ನು ನೋಡಿ, ವರದಿ ಬರೆಯುತ್ತದೆ. ಜಗತ್ತಿನ ಮಟ್ಟದಲ್ಲಿ ಹೆಚ್ಚು ಪ್ರಭಾವ ಬೀರಿದ್ದು ಅಮೆರಿಕದ ವಿದೇಶಾಂಗ ಇಲಾಖೆ 2001ರಿಂದ ಪ್ರಕಟಿಸುತ್ತಿರುವ ವರದಿ. ಅದು ದೇಶಗಳನ್ನು ಶ್ರೇಣಿಗಳಲ್ಲಿ ಇರಿಸುತ್ತದೆ, ಕೆಳಗಿನ ಶ್ರೇಣಿಗೆ ಬಿದ್ದರೆ ಕೆಲವು ಬಗೆಯ ನೆರವು ನಿಲ್ಲಬಹುದು. ಆ ಒತ್ತಡದಿಂದ ಅನೇಕ ದೇಶಗಳಲ್ಲಿ ಕಾಯ್ದೆಗಳು ಬೇಗ ಬಂದವು ಎಂಬುದು ನಿಜ. ಒಂದು ದೇಶ ಮಿಕ್ಕ ದೇಶಗಳಿಗೆ ಅಂಕ ಕೊಡುವುದರಲ್ಲಿ ರಾಜಕೀಯ ಬೆರೆಯುವುದೂ ನಿಜ. ನನ್ನ ಆಕ್ಷೇಪ ಇನ್ನೊಂದು. ಇಂಥ ವರದಿಗಳಲ್ಲಿ ಸುಲಭವಾಗಿ ಎಣಿಸಲು ಸಿಗುವುದು ಬಂಧನ, ಆರೋಪಪಟ್ಟಿ ಮತ್ತು ಶಿಕ್ಷೆಗಳ ಸಂಖ್ಯೆ. ಸರ್ಕಾರಗಳೂ ಅದನ್ನೇ ಹೆಚ್ಚಿಸಲು ಹೊರಡುತ್ತವೆ. ಹೊರಬಂದ ಮಹಿಳೆ ಎರಡು ವರ್ಷದ ನಂತರ ಎಲ್ಲಿದ್ದಾಳೆ, ಮತ್ತೆ ಅದೇ ಏಜೆಂಟನ ಕೈಗೆ ಸಿಕ್ಕಳೇ ಎಂಬುದನ್ನು ಎಣಿಸುವ ಅಂಕಣ ಆ ಕೋಷ್ಟಕಗಳಲ್ಲಿ ಇರುವುದಿಲ್ಲ.

ತಡೆಯ ವಿಷಯದಲ್ಲಿ ಸರ್ಕಾರಗಳು ಹೆಚ್ಚಾಗಿ ಜಾಗೃತಿ ಅಭಿಯಾನಗಳನ್ನೇ ಲೆಕ್ಕ ಕೊಡುತ್ತವೆ. ಪೋಸ್ಟರ್ ಓದಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ವಲಸೆ ಹೋಗುವವರು ನೇಮಕಾತಿಗಾಗಿ ಏಜೆಂಟರಿಗೆ ಕೊಡುವ ಹಣ, ಅದಕ್ಕಾಗಿ ಮಾಡುವ ಬಡ್ಡಿಯ ಸಾಲ, ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವ ವೀಸಾ, ಮನೆಗೆಲಸದವರನ್ನು ಕಾರ್ಮಿಕ ಕಾನೂನಿನಿಂದ ಹೊರಗಿಡುವುದು, ಇವು ಕಳ್ಳಸಾಗಣೆಗೆ ನೆಲ ಹದಮಾಡುವ ಸಂಗತಿಗಳು. ಇವೆಲ್ಲವೂ ಸರ್ಕಾರಗಳ ಕೈಯಲ್ಲೇ ಇವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಮನೆಗೆಲಸದವರ ಒಡಂಬಡಿಕೆಯೂ ಬಲವಂತದ ದುಡಿಮೆಯ ಬಗ್ಗೆ 2014ರಲ್ಲಿ ಬಂದ ಪ್ರೊಟೊಕಾಲ್ ಕೂಡ ಈ ಬೇರುಗಳನ್ನೇ ಮುಟ್ಟುತ್ತವೆ, ಆದರೆ ಪಲೆರ್ಮೊಗೆ ಸಿಕ್ಕಷ್ಟು ಸದಸ್ಯರ ಹತ್ತಿರಕ್ಕೂ ಇವು ಬಂದಿಲ್ಲ. ಕಂಪನಿಗಳ ಪೂರೈಕೆ ಸರಪಳಿಯ ವಿಷಯದಲ್ಲಿ ಬ್ರಿಟನ್ನಿನ 2015ರ ಕಾಯ್ದೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ವಹಿವಾಟಿರುವ ಕಂಪನಿಗಳು ಪ್ರತಿವರ್ಷ ಹೇಳಿಕೆ ಪ್ರಕಟಿಸಬೇಕೆಂದಿತು. ಆಸ್ಟ್ರೇಲಿಯಾ 2018ರಲ್ಲಿ 10 ಕೋಟಿ ಡಾಲರ್‌ ಆದಾಯದ ಮಿತಿಯೊಂದಿಗೆ ಅದೇ ಹಾದಿ ಹಿಡಿಯಿತು. ಎರಡರಲ್ಲೂ ಹೇಳಿಕೆ ಕೊಡದ ಕಂಪನಿಗೆ ನೇರ ದಂಡವಿಲ್ಲ. ಫ್ರಾನ್ಸ್‌ನ 2017ರ ಕಾಯ್ದೆ ಮಾತ್ರ ಹಾನಿಯಾದವರು ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆಯಲು ದಾರಿ ತೆರೆಯಿತು. ಯುರೋಪ್ ಒಕ್ಕೂಟ 2024ರಲ್ಲಿ, ಬಲವಂತದ ದುಡಿಮೆಯಿಂದ ತಯಾರಾದ ಸರಕನ್ನು ತನ್ನ ಮಾರುಕಟ್ಟೆಯಿಂದಲೇ ಹೊರಗಿಡುವ ನಿಯಮವನ್ನು ಅಂಗೀಕರಿಸಿದೆ. ಅದು 2027ರ ಡಿಸೆಂಬರಿನಿಂದ ಅನ್ವಯವಾಗಲಿದೆ. ಸರಕನ್ನು ತಡೆದಾಗ ಅದನ್ನು ತಯಾರಿಸಿದ ಕೂಲಿಗಳ ಬಾಕಿ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿಯೂ ಎದುರಾಗುತ್ತದೆ.

ಏಕೆಂದರೆ ಕೊನೆಗೂ ಇದು ಹಣದ ಅಪರಾಧ. ಬಲವಂತದ ದುಡಿಮೆಯಿಂದ ವರ್ಷಕ್ಕೆ 236 ಶತಕೋಟಿ ಡಾಲರ್ ಅಕ್ರಮ ಲಾಭ ಹುಟ್ಟುತ್ತದೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಅಂದಾಜು ಮಾಡಿತು. ಆ ಮೊತ್ತ ಯಾರದೋ ಕೊಡದ ಕೂಲಿ, ಯಾರದೋ ದೇಹದ ಮೇಲೆ ದುಡಿದ ಹಣ. ಅಪರಾಧಿಯ ಆಸ್ತಿ ಜಪ್ತಿಯಾದಾಗ ಅದು ಖಜಾನೆಗೆ ಸೇರುವುದು ಹಲವು ದೇಶಗಳಲ್ಲಿ ವಾಡಿಕೆ. ಅಮೆರಿಕದ ಕಾನೂನು ಶಿಕ್ಷೆಯಾದ ಪ್ರಕರಣಗಳಲ್ಲಿ ಸಂತ್ರಸ್ತರಿಗೆ ಅವರ ದುಡಿಮೆಯ ಬೆಲೆಯನ್ನು ಮರಳಿಸುವುದನ್ನು ಕಡ್ಡಾಯ ಮಾಡಿದೆ, 2003ರಿಂದ ಅವರೇ ಸಿವಿಲ್ ದಾವೆ ಹೂಡುವ ಹಕ್ಕನ್ನೂ ಕೊಟ್ಟಿದೆ. ಯಾವುದೇ ದೇಶದಲ್ಲಿ ಕಳ್ಳಸಾಗಣೆಯ ವಿರುದ್ಧ ಹೊಸ ಮಸೂದೆ ಬಂದಾಗ ನಾನು ಶಿಕ್ಷೆಯ ಅಧ್ಯಾಯವನ್ನು ಬದಿಗಿಟ್ಟು ಮೊದಲು ಹುಡುಕುವ ಕಲಂಗಳು ಇವೇ: ಜಪ್ತಿಯಾದ ಆಸ್ತಿಯಿಂದ ಮೊದಲ ಪಾಲು ಯಾರಿಗೆ, ಸಾಕ್ಷಿ ಹೇಳಲು ಆಗದವರಿಗೂ ಆಶ್ರಯ ಉಂಟೇ, ಬಲವಂತದಿಂದ ಮಾಡಿದ ಅಪರಾಧಕ್ಕೆ ಅವರನ್ನು ವಿಚಾರಣೆಗೆ ಎಳೆಯದಿರುವ ಕಟ್ಟಳೆ ಇದೆಯೇ, ಮತ್ತು ಆ ವಾಕ್ಯಗಳು ‘ಪರಿಶೀಲಿಸಬಹುದು’ ಎಂದು ಮುಗಿಯುತ್ತವೆಯೋ ‘ಕೊಡತಕ್ಕದ್ದು’ ಎಂದು ಮುಗಿಯುತ್ತವೆಯೋ.